ನಲವತ್ತು ದಿನದ ಬಿಸಿನೀರು

೧೯೫೯ರ ಜನವರಿಯಲ್ಲಿ, ತಾನು ಬಸುರಿ ಎಂಬುದು ಖಚಿತವಾದ ವಾರವೇ ಸರಸ ಬೀಡಿ ಎಲೆಯ ಚೂರುಗಳನ್ನು ಗೋಣಿಗೆ ತುಂಬಿಸತೊಡಗಿದಳು.

ಬಂಟ್ವಾಳ ಪೇಟೆಯಿಂದ ನೇತ್ರಾವತಿಯ ಕಡೆಗೆ ಇಳಿಯುವ ಆ ಓಣಿಯಲ್ಲಿ ಆಗ ಹನ್ನೊಂದು ಮನೆಗಳಿದ್ದವು. ಒಂಬತ್ತು ಮನೆಗಳ ಹೆಂಗಸರು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಯ ಮೇಲೆ ತಗಡಿನ ಅಳತೆಯಿಟ್ಟು ಕತ್ತರಿಸಿದರೆ ಬೀಡಿಗೆ ಬೇಕಾದ ತುಂಡು ಸಿಗುತ್ತದೆ. ಎಲೆಯ ಹೆಚ್ಚುಕಡಿಮೆ ಅರ್ಧ ಭಾಗ ಅಂಚಾಗಿ, ನರವಾಗಿ ಉಳಿಯುತ್ತದೆ. ಆ ಚೂರನ್ನು ಒಣಗಿಸಿ ಒಂದು ಹಿಡಿ ಒಲೆ ಹೊತ್ತಿಸಲು ಬಳಸುವುದು, ಉಳಿದದ್ದನ್ನು ಗೊಬ್ಬರದ ಗುಂಡಿಗೆ ಎಸೆಯುವುದು ಓಣಿಯ ಕ್ರಮ. ಸರಸ ತನ್ನ ಮನೆಯದ್ದಲ್ಲದೆ ನೆರೆಯ ನಾಲ್ಕು ಮನೆಗಳದ್ದನ್ನೂ ಕೇಳಿ ತಂದು ಅಟ್ಟಕ್ಕೆ ಏರಿಸುತ್ತಿದ್ದಳು.

ಕಾರಣ ಸರಳವಾಗಿತ್ತು. ಹೆರಿಗೆ ಬರುವುದು ಆಟಿ ತಿಂಗಳಲ್ಲಿ, ಎಂದರೆ ಮಳೆಗಾಲದ ನಡುವೆ. ಬಾಣಂತಿಗೆ ನಲವತ್ತು ದಿನ ಹಂಡೆ ತುಂಬ ಬಿಸಿನೀರಿನ ಸ್ನಾನ ಆಗಲೇಬೇಕೆಂಬುದು ಆ ಸೀಮೆಯ ರೂಢಿ. ಆಟಿಯಲ್ಲಿ ಒಣ ಸೌದೆ ಸಿಗುವುದಿಲ್ಲ, ಸಿಕ್ಕಿದರೂ ಒಂದು ಗಾಡಿಗೆ ಅವಳ ಗಂಡ ಶೇಖರನ ಹನ್ನೊಂದು ದಿನದ ಕೂಲಿ ಬೇಕು. ಶೇಖರ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸಿ ಒಣಗಿಸುವ ಕೆಲಸದಲ್ಲಿದ್ದ. ಮಳೆ ಹಿಡಿದರೆ ಆ ಕೆಲಸವೂ ವಾರಕ್ಕೆ ಮೂರೇ ದಿನ.

ಇನ್ನೊಂದು ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ. ೧೯೪೬ರ ಆಟಿಯಲ್ಲಿ, ಶಿರ್ತಾಡಿಯಲ್ಲಿ, ಅವಳ ತಾಯಿ ಎರಡನೆಯ ಮಗುವನ್ನು ಹೆತ್ತಿದ್ದರು. ಒಂಬತ್ತನೆಯ ದಿನ ಮನೆಯ ಸೌದೆ ಮುಗಿಯಿತು. ಒಂಬತ್ತು ವರ್ಷದ ಸರಸಳನ್ನು ಗುಡ್ಡಕ್ಕೆ ಕಳುಹಿಸಿದರು. ಅವಳು ಸಂಜೆಯವರೆಗೆ ತಿರುಗಿ ಎರಡು ಹಿಡಿ ಹಸಿ ಕಡ್ಡಿ ತಂದಳು. ಆ ದಿನವೂ ಮರುದಿನವೂ ತಾಯಿಗೆ ಉಗುರುಬೆಚ್ಚಗಿನ ನೀರೇ ಆಯಿತು. ಹನ್ನೊಂದನೆಯ ದಿನ ತಾಯಿ ತೀರಿಕೊಂಡರು, ಮಗುವೂ ಉಳಿಯಲಿಲ್ಲ. ಅಂಗಳದಲ್ಲಿ ನಿಂತಿದ್ದ ಸೋದರಮಾವ ಅಣ್ಣು, "ಒಂದು ಹೊರೆ ಸೌದೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಬದುಕುತ್ತಿದ್ದಳು" ಎಂದಿದ್ದರು. ಅವಳನ್ನು ಮುಂದೆ ಸಾಕಿ ಮದುವೆ ಮಾಡಿಸಿದವರೂ ಅವರೇ. ಆ ಮಾತನ್ನು ಅವರು ಮತ್ತೆ ಆಡಲಿಲ್ಲ. ಅವಳು ಮರೆಯಲೂ ಇಲ್ಲ.

ಉಳಿದ ಸಿದ್ಧತೆಗೆ ಹೆಚ್ಚು ಖರ್ಚಿರಲಿಲ್ಲ. ಹುಟ್ಟುವ ಮೊದಲು ಮಗುವಿಗೆ ಹೊಸದನ್ನು ತರಬಾರದೆಂಬ ಪದ್ಧತಿ ಬಡವರಿಗೆ ಅನುಕೂಲವೇ. ಶೇಖರನ ಎರಡು ಹಳೆಯ ಪಂಚೆಗಳನ್ನು ಹರಿದು ಹದಿನಾರು ತುಂಡು ಮಾಡಿ ಒಗೆದಿಟ್ಟಳು. ಮಗುವನ್ನು ಮಲಗಿಸಿ ಮೀಯಿಸಲು ಅಗಲವಾದ ಮೂರು ಅಡಿಕೆ ಹಾಳೆಗಳು ಸಿಕ್ಕಿದವು. ಪಕ್ಕದ ಮನೆಯ ಜೈನಬಮ್ಮ ತನ್ನ ತೊಟ್ಟಿಲನ್ನು ಕೊಡುವುದಾಗಿ ತಾನಾಗಿಯೇ ಹೇಳಿದರು. ಆರು ಮಕ್ಕಳ ತಾಯಿ ಅವರು. ಇನ್ನೊಂದು ಬರುವ ಮೊದಲು ಅದನ್ನು ಮನೆಯಿಂದ ಆಚೆ ಹಾಕಿದರೆ ತನಗೇ ಒಳ್ಳೆಯದು ಎಂದು ನಕ್ಕಿದ್ದರು.

ಏಪ್ರಿಲ್‌ನಲ್ಲಿ ಸರಸ ಒಂದು ಪರೀಕ್ಷೆ ಮಾಡಿದಳು. ಅಂಗಳದಲ್ಲಿ ಮೂರು ಕಲ್ಲಿಟ್ಟು ಹಂಡೆ ಏರಿಸಿ, ನಾಲ್ಕು ಕೊಡ ನೀರು ಹಾಕಿ, ಗೋಣಿಯಿಂದ ಚೂರು ತೆಗೆದು ಉರಿಸಿದಳು. ನೀರು ಮೈಗೆ ತಡೆಯುವಷ್ಟು ಕಾಯಲು ಮುಕ್ಕಾಲು ಗೋಣಿ ಬೇಕಾಯಿತು. ಹಾಗಾದರೆ ನಲವತ್ತು ದಿನಕ್ಕೆ ಮೂವತ್ತು ಗೋಣಿ. ಅಟ್ಟದಲ್ಲಿ ಆಗ ಹದಿನೇಳು ಇದ್ದವು.

ಮೇ ತಿಂಗಳಲ್ಲಿ ಅಣ್ಣು ಮಾವ ಬಂದರು. ಚೊಚ್ಚಲ ಹೆರಿಗೆ ತಾಯಿಮನೆಯಲ್ಲಿ ಆಗಬೇಕು, ತಾಯಿ ಇಲ್ಲದಿದ್ದರೂ ಮನೆ ಉಂಟಲ್ಲ ಎಂಬುದು ಅವರ ವಾದ. ಸರಸ ಒಪ್ಪಲಿಲ್ಲ. ಗೋಣಿಗಳೆಲ್ಲ ಇಲ್ಲಿವೆ, ಶಿರ್ತಾಡಿಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲ ಎಂದಳು. ಮಾವ ಅಟ್ಟದ ಕಡೆಗೆ ನೋಡಿ, ಹೆರಿಗೆಗೋ ಯಜ್ಞಕ್ಕೋ ಎಂದು ಕೇಳಿ, ಚಹಾ ಕುಡಿದು ಹೋದರು.

ಜುಲೈ ಹೊತ್ತಿಗೆ ಗೋಣಿಗಳು ಮೂವತ್ತೊಂದಾದವು. ಶೇಖರ ಮನೆಯ ಹಿಂದಿನ ಬಚ್ಚಲಿಗೆ ತೆಂಗಿನ ಮಡಲು ಹೆಣೆದು ನಾಲ್ಕೂ ಬದಿಗೆ ಕಟ್ಟಿದ. ಬಾಣಂತಿಗೆ ಶೀತಗಾಳಿ ತಾಗಬಾರದೆಂದು ಸಂದುಗಳಿಗೆ ಹುಲ್ಲನ್ನೂ ತುರುಕಿದ. ಹದಿನಾಲ್ಕನೆಯ ತಾರೀಕು ಬೆಳಿಗ್ಗೆ ಸರಸ ಹೊಸ ಬಚ್ಚಲಿನಲ್ಲಿ ಮೊದಲ ಬಾರಿ ಹಂಡೆಗೆ ಬೆಂಕಿ ಹಾಕಿದಳು. ಜೈನಬಮ್ಮ ಜೊತೆಗಿದ್ದರು. ಬಾಣಂತಿ ಸ್ನಾನದ ಕೆಲಸವನ್ನು ಅವರು ವಹಿಸಿಕೊಂಡಿದ್ದರಿಂದ ಹಂಡೆಯ ಎತ್ತರ ನೋಡಲು ಬಂದಿದ್ದರು.

ಅದೇ ಹೊತ್ತಿಗೆ ಸರಕಾರಿ ನರ್ಸ್ ಶಶಿಪ್ರಭಾ ಬಂದರು. ಮೂಡಬಿದ್ರೆಯ ಜೈನ ಮನೆತನದವರು, ಮಂಗಳೂರಿನಲ್ಲಿ ಸೂಲಗಿತ್ತಿ ತರಬೇತಿ ಪಡೆದು ಬಂಟ್ವಾಳದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದರು. ತಿಂಗಳಿಗೊಮ್ಮೆ ಓಣಿಯ ಬಸುರಿಯರನ್ನು ನೋಡುತ್ತಿದ್ದರು. ಬಚ್ಚಲಿನೊಳಗೆ ಎರಡು ಹೆಜ್ಜೆ ಇಟ್ಟವರು ಕೆಮ್ಮುತ್ತಾ ಹೊರಗೆ ಬಂದು ಕಣ್ಣೊರೆಸಿಕೊಂಡರು.

"ಒಳಗೆ ಯಾರು ಬೀಡಿ ಸೇದುವುದು?"

"ಯಾರೂ ಇಲ್ಲ ನರ್ಸಮ್ಮ. ಹಂಡೆ ಸೇದುತ್ತಾ ಉಂಟು" ಎಂದರು ಜೈನಬಮ್ಮ.

ಶಶಿಪ್ರಭಾ ನಗಲಿಲ್ಲ. ಗೋಣಿಯಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿದರು. ಎಲೆಚೂರಿನ ನಡುವೆ ನೂಲಿನ ತುಂಡುಗಳು, ಕಂದು ಬಣ್ಣದ ಹುಡಿ. ಹುಡಿ ಹೊಗೆಸೊಪ್ಪಿನದ್ದು. ಬೆಳಿಗ್ಗೆ ಕತ್ತರಿಸುವಾಗ ಬೀಳುವ ಚೂರು ಶುದ್ಧವಾಗಿರುತ್ತದೆ. ಆದರೆ ಸರಸ ಒಂದು ಎಲೆಯೂ ದಂಡವಾಗಬಾರದೆಂದು ಸಂಜೆ ಚಾಪೆ ಗುಡಿಸಿದ್ದನ್ನೂ ಅದೇ ಗೋಣಿಗೆ ಹಾಕುತ್ತಿದ್ದಳು. ಅಂಗಳದ ಪರೀಕ್ಷೆಯಲ್ಲಿ ಹೊಗೆ ಗಾಳಿಗೆ ಹೋಗಿತ್ತು, ಮುಚ್ಚಿದ ಬಚ್ಚಲಿನಲ್ಲಿ ಹೋಗಲು ದಾರಿ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಹೊಗೆಸೊಪ್ಪಿನ ಎದುರು ಕೂರುವ ಇಬ್ಬರು ಹೆಂಗಸರ ಮೂಗಿಗೂ ಅದು ವಾಸನೆ ಎಂದು ಅನಿಸಿರಲಿಲ್ಲ.

ಈ ಹೊಗೆಯಲ್ಲಿ ಮಗುವನ್ನು ಮೀಯಿಸಿದರೆ ಅದರ ಉಸಿರು ಕಟ್ಟುತ್ತದೆ, ಈ ಗೋಣಿ ಬೇಡ ಎಂದು ಶಶಿಪ್ರಭಾ ಸ್ಪಷ್ಟವಾಗಿ ಹೇಳಿದರು. ಸರಸ ಒಲೆಯ ಬೆಂಕಿಯನ್ನು ಕೆದಕಿ ಆರಿಸಿ, ಜಗಲಿಗೆ ಬಂದು ಗೋಡೆಗೆ ಒರಗಿ ಕುಳಿತಳು. ನಿಮಗೆ ತಲೆ ತಿರುಗುತ್ತದಾ ಎಂದು ಶಶಿಪ್ರಭಾ ಕೇಳಿದಾಗ, ಇಲ್ಲ ಎಂದಳು. ಆಮೇಲೆ ತಾಯಿಯ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ, ಹದಿಮೂರು ವರ್ಷದಲ್ಲಿ ಮೊದಲ ಬಾರಿಗೆ, ಹೇಳಿದಳು.

ಶಶಿಪ್ರಭಾ ಸಮಾಧಾನದ ಮಾತು ಆಡುವವರಲ್ಲ. ಕೈಚೀಲವನ್ನು ಕೆಳಗಿಟ್ಟು ಪ್ರಶ್ನೆ ಕೇಳತೊಡಗಿದರು. ಹೊಕ್ಕುಳಬಳ್ಳಿ ಕತ್ತರಿಸಿದವರು ಯಾರು? ನೆರೆಮನೆಯ ಮುದುಕಿ. ಯಾವುದರಿಂದ? ಹುಲ್ಲು ಕೊಯ್ಯುವ ಕತ್ತಿಯಿಂದ, ಅದನ್ನು ಮನೆಯ ಮಾಡಿನ ಸಂದಿನಿಂದ ತೆಗೆದುಕೊಟ್ಟವಳು ತಾನೇ. ಕತ್ತಿಯನ್ನು ಕುದಿಸಿದರಾ? ಇಲ್ಲ, ಸೀರೆಗೆ ಒರೆಸಿದರು. ತಾಯಿಗೆ ಜ್ವರ ಬಂದಿತ್ತಾ? ಬಂದಿತ್ತು, ನಡುಗುತ್ತಿದ್ದರು, ಎರಡು ಕಂಬಳಿ ಹೊದೆಸಿದ್ದರು.

"ಜ್ವರ ಯಾವ ದಿನ ಸುರುವಾಯಿತು?"

"ಮೂರನೆಯ ದಿನ."

"ಸರಿಯಾಗಿ ನೆನಪು ಉಂಟಾ?"

"ಉಂಟು. ಆ ದಿನ ಮಗುವನ್ನು ನನ್ನ ಕೈಗೆ ಕೊಟ್ಟಿದ್ದರು. ಅಮ್ಮನಿಗೆ ಹಿಡಿಯಲು ಆಗುತ್ತಿರಲಿಲ್ಲ."

"ಸೌದೆ ಮುಗಿದದ್ದು?"

"ಒಂಬತ್ತನೆಯ ದಿನ."

"ಮೂರು ಮೊದಲು ಬರುತ್ತದೆ, ಒಂಬತ್ತು ಆಮೇಲೆ" ಎಂದರು ಶಶಿಪ್ರಭಾ. "ನೀರು ಬಿಸಿ ಇದ್ದ ದಿನವೇ ಜ್ವರ ಬಂದಿದೆ. ಅದು ಕತ್ತಿಯಿಂದ, ತೊಳೆಯದ ಕೈಯಿಂದ ಬಂದದ್ದು. ಸೌದೆಯಿಂದಲ್ಲ."

ಸರಸ ಬೆರಳು ಮಡಿಚಿ ಬಿಡಿಸಿದಳು. ದಿನಗಳೆಲ್ಲ ಅವಳಿಗೆ ತಿಳಿದಿದ್ದವೇ. ಸಾಲಾಗಿ ಇಟ್ಟು ನೋಡಿರಲಿಲ್ಲ, ಅಷ್ಟೆ.

ಹೋಗುವ ಮೊದಲು ಶಶಿಪ್ರಭಾ ಬೇಕಾದದ್ದನ್ನು ಹೇಳಿದರು. ಮುಚ್ಚಳವಿರುವ ಒಂದು ಸಣ್ಣ ಪಾತ್ರೆ. ಹೊಸ ಬ್ಲೇಡು, ದಪ್ಪ ನೂಲು, ಸೋಪು. ಬ್ಲೇಡು ಮತ್ತು ನೂಲನ್ನು ಇಪ್ಪತ್ತು ನಿಮಿಷ ಕುದಿಸಬೇಕು. ಹಂಡೆಯ ಸ್ನಾನ ಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಮೊದಲು ಕುದಿಯಬೇಕಾದದ್ದು ಇದು ಎಂದರು. ಹೆರಿಗೆಗೆ ತನ್ನನ್ನೇ ಕರೆಯಬೇಕೆಂದೂ ಹೇಳಿದರು. ಜೈನಬಮ್ಮ ಬೇಸರಪಟ್ಟುಕೊಂಡು, ತನ್ನ ಆರೂ ಮಕ್ಕಳು ಬ್ಲೇಡು ಕುದಿಸದೆಯೇ ಬದುಕಿಲ್ಲವಾ ಎಂದು ಕೇಳಿದರು. ಹೆತ್ತದ್ದು ಎಷ್ಟು ಎಂದು ಶಶಿಪ್ರಭಾ ತಿರುಗಿ ಕೇಳಿದಾಗ, ಸ್ವಲ್ಪ ತಡೆದು, ಎಂಟು ಎಂದರು. ಆಮೇಲೆ ಪಾತ್ರೆ ತಮ್ಮ ಮನೆಯಿಂದಲೇ ತಂದುಕೊಟ್ಟರು.

ಗೋಣಿಗಳನ್ನು ಎಸೆಯಲು ಮಾತ್ರ ಸರಸ ಒಪ್ಪಲಿಲ್ಲ. ಅವಳು, ಜೈನಬಮ್ಮ, ಅವರ ದೊಡ್ಡ ಮಗಳು ನಬೀಸಾ ಜಗಲಿಯಲ್ಲಿ ಕುಳಿತು, ಮೂಗಿಗೆ ಬಟ್ಟೆ ಕಟ್ಟಿ, ಆರು ದಿನ ಚೂರನ್ನು ಜರಡಿ ಹಿಡಿದರು. ಗಿರಣಿಯಿಂದ ಬಂದ ಮೇಲೆ ಶೇಖರನೂ ಸೇರುತ್ತಿದ್ದ, ಎಲ್ಲರಿಗಿಂತ ಹೆಚ್ಚು ಸೀನುತ್ತಿದ್ದ. ಗಂಡಸರು ಬೀಡಿ ಎಳೆಯುವುದಕ್ಕೆ ಮಾತ್ರ ಆಗುವುದು ಎಂದು ಜೈನಬಮ್ಮ ಅವನನ್ನು ಛೇಡಿಸುತ್ತಿದ್ದರು. ಹುಡಿ, ನೂಲು, ಬೂಸ್ಟು ಹಿಡಿದ ಎಲೆ ಎಲ್ಲ ಹೋಗಿ ಮೂವತ್ತೊಂದು ಗೋಣಿ ಇಪ್ಪತ್ತನಾಲ್ಕಾಯಿತು. ಮೂವತ್ತೆರಡು ದಿನಕ್ಕೆ ಸಾಕು. ಬಚ್ಚಲಿನ ಮೇಲುಭಾಗದ ಹುಲ್ಲು ತೆಗೆದು ಹೊಗೆಗೆ ದಾರಿ ಮಾಡಿದರು.

ಆಗಸ್ಟ್ ಮೂರರಂದು ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಶಶಿಪ್ರಭಾ ಬೆಳಿಗ್ಗೆಯೇ ಬಂದಿದ್ದರು. ನೋವಿನ ನಡುವೆಯೂ ಸರಸ ಎರಡು ಬಾರಿ ಪಾತ್ರೆ ಕುದಿಯಿತಾ ಎಂದು ಕೇಳಿದ್ದನ್ನು ಜೈನಬಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮೂರನೆಯ ದಿನ, ಸ್ನಾನದ ಹೊತ್ತು ಬಿಟ್ಟರೆ, ಸರಸ ಹಾಸಿಗೆಯಿಂದ ಏಳಲಿಲ್ಲ. ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ತನ್ನ ಹಣೆಯ ಬಿಸಿ ತನ್ನ ಕೈಗೆ ಸರಿಯಾಗಿ ತಿಳಿಯುವುದಿಲ್ಲವೆಂದು ಶೇಖರನ ಕೈಯನ್ನೂ ಇಡಿಸಿದಳು. ಸಂಜೆ ಶಶಿಪ್ರಭಾ ಥರ್ಮಾಮೀಟರು ಇಟ್ಟು ನೋಡಿ, ತೊಂಬತ್ತೆಂಟೂವರೆ ಎಂದರು. ಆ ರಾತ್ರಿ ಅವಳು ಮಗುವಿನ ಜೊತೆಗೇ ನಿದ್ದೆಹೋದಳು.

ಗೋಣಿ ಲೆಕ್ಕದಂತೆಯೇ ಮೂವತ್ತೆರಡನೆಯ ಸ್ನಾನಕ್ಕೆ ಮುಗಿಯಿತು. ಅರ್ಧ ಗಾಡಿ ಸೌದೆಗೆ ಶೇಖರ ಗಿರಣಿಯಲ್ಲಿ ಮುಂಗಡ ಕೇಳಲು ಹೊರಟಿದ್ದ. ಸರಸ ತಡೆದಳು.

"ಬೇಡ. ಅಡುಗೆ ಒಲೆಯಲ್ಲಿ ಒಂದು ಕೊಡ ಕಾಯಿಸುವ. ಅಷ್ಟು ಸಾಕು."

ನಲವತ್ತು ಎಂದರೆ ನಲವತ್ತೇ ಎಂದು ಜೈನಬಮ್ಮ ಹಟ ಹಿಡಿದರು. ನಲವತ್ತು ದಿನವೂ ಮೀಯುತ್ತೇನೆ, ಹಂಡೆ ಮಾತ್ರ ಬೇಡ ಎಂದು ಸರಸ ಹೇಳಿದಳು. ಕೊನೆಯ ಎಂಟು ದಿನ ಒಂದು ಕೊಡ ನೀರಿನಲ್ಲೇ ಆಯಿತು.

ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಬಿಟ್ಟ ಒಂದು ಭಾನುವಾರ, ಅವಳು ಗಂಡನ ಜೊತೆ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಮೂಡಬಿದ್ರೆಗೆ, ಅಲ್ಲಿಂದ ಶಿರ್ತಾಡಿಗೆ ಹೋದಳು. ಊಟವಾದ ಮೇಲೆ ಅಣ್ಣು ಮಾವ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ಸರಸ ಅವರ ಎದುರು ಕುಳಿತಳು.

"ಮಾವ, ಅಮ್ಮನಿಗೆ ಜ್ವರ ಬಂದದ್ದು ಮೂರನೆಯ ದಿನ. ಸೌದೆ ಮುಗಿದದ್ದು ಒಂಬತ್ತನೆಯ ದಿನ."

ಮಾವ ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು. ಹೌದು, ಜ್ವರ ಮೊದಲೇ ಇತ್ತು ಎಂದರು. ಎದ್ದುಹೋಗಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗಳದ ಅಂಚಿಗೆ ಉಗುಳಿ ಬಂದು ಕುಳಿತರು.

"ಆ ದಿನ ಯಾರಿಗಾದರೂ ಏನಾದರೂ ಹೇಳಬೇಕು ಅಂತ ಅನಿಸಿತ್ತು ಮಗಾ" ಎಂದರು ಕೊನೆಗೆ. "ನೀನು ಹತ್ತಿರ ನಿಂತಿದ್ದೆ."

ಸರಸ ತಲೆಯಾಡಿಸಿದಳು. ನಾಲ್ಕು ಗಂಟೆಯ ಬಸ್ಸಿಗೆ ಹೊರಟಾಗ ಮಾವ ಮಗುವನ್ನು ತಾವೇ ಎತ್ತಿಕೊಂಡು ರಸ್ತೆಯವರೆಗೆ ಬಂದರು. ಬಸ್ಸು ನಿಂತ ಮೇಲೂ ಸ್ವಲ್ಪ ತಡಮಾಡಿ ಅವಳ ಕೈಗೆ ಕೊಟ್ಟರು.