ಹಲಗೆಯ ಕೆಳಗಿನ ಭರಣಿ

ಒಸಾಕಾದ ಇಕುನೊ ಪೇಟೆಯಲ್ಲಿ ಬು ಸುಕ್ಜಾಳನ್ನು ಕಾದಂಬರಿಗಾರ್ತಿ ಎಂದರೆ ಗುರುತಿಸುವವರು ಕಡಿಮೆ. ಚಪ್ಪಲಿಗೆ ಅಟ್ಟೆ ಅಂಟಿಸುವವಳ ಮಗಳು ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ತಾಯಿ ಕೊರಿಯಾದ ಜೆಜು ದ್ವೀಪದಿಂದ ಹಡಗು ಹತ್ತಿ ಬಂದವಳು. ಮನೆಯಲ್ಲಿ ದ್ವೀಪದ ಮಾತು, ಶಾಲೆಯಲ್ಲಿ ಜಪಾನಿ. ಅಂಟಿನ ವಾಸನೆಯ ನಡುವೆ ತಾಯಿ ಹೇಳಿದ ಸುದ್ದಿಗಳನ್ನೆಲ್ಲ ಸುಕ್ಜಾ ಜಪಾನಿಯಲ್ಲಿ ಬರೆಯುತ್ತ ಬೆಳೆದಳು. ತಾಯಿ ತೀರಿಕೊಂಡ ಮೇಲೂ ಅದೇ ಮನೆ, ಅದೇ ಅಂಟು, ಬಿಡುವಾದಾಗ ಬರವಣಿಗೆ. ಕಂಡದ್ದನ್ನು ಕಂಡಂತೆ ಬರೆಯಬೇಕೆಂಬುದು ಅವಳ ವ್ರತ.

ಮೂರನೆಯ ಕಾದಂಬರಿ ಟೋಕಿಯೊದಲ್ಲಿ ಹೆಸರು ಮಾಡಿತು, ಪೇಟೆಯಲ್ಲಿ ಗುಲ್ಲೆಬ್ಬಿಸಿತು. ಅದರಲ್ಲಿದ್ದ, ಕೊರಿಯಾದವರ ಖಾರದ ಉಪ್ಪಿನಕಾಯಿ ಕಿಮ್ಚಿಯನ್ನು ಮಾರುವ ಬಾಯಿಬಡುಕಿ ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಅವಳು ಗೋ ಮಾಲ್ಸುನ್, ತಾಯಿಯ ಜೀವದ ಗೆಳತಿ. ಪ್ರತಿ ಸುಗ್ಗಿ ಹುಣ್ಣಿಮೆಗೂ ಹಿರಿಯರ ಎಡೆಯ ಅಡುಗೆಗೆ ಬಂದು ಒಲೆಯ ಮುಂದೆ ಕೂರುತ್ತಿದ್ದವಳು. ಈ ಸಲ ಬರಲಿಲ್ಲ. ಸುಕ್ಜಾ ಒಬ್ಬಳೇ ಮೀನಿನ ಹೋಳು ಕರಿದಳು, ಒಂದಿಷ್ಟು ಸೀದವು.

ಎಡೆಯಾದ ಮೇಲೆ ಓಣಿಯ ಮನೆಮನೆಗೂ ತಟ್ಟೆಯಲ್ಲಿ ಹಂಚಬೇಕು. ಯಾರಾದರೂ ತಟ್ಟೆಯನ್ನು ಮುಟ್ಟದಿದ್ದರೆ ನಂಟು ಮುಗಿದಂತೆಯೇ. ಎಲ್ಲ ಮನೆಗಳಿಗೂ ಹೋಗಿಬಂದ ಸುಕ್ಜಾ ಕೊನೆಗೆ ಅಳುಕುತ್ತಲೇ ಕಿಮ್ಚಿ ಅಂಗಡಿಯ ಮುಂದೆ ನಿಂತಳು.

"ಬಂದ್ಲು ನೋಡ್ರೇ, ಸಾಹಿತಿ! ಯಾರೂ ಕೆಮ್ಮಬೇಡಿ, ಅದನ್ನೂ ಬರೆದುಬಿಡ್ತಾಳೆ," ಎಂದು ಪಕ್ಕದ ಮೀನಂಗಡಿಯ ಚುನ್ಜಾ ಕೂಗಿದಳು.

ಸುಕ್ಜಾ ತಟ್ಟೆ ಚಾಚಿದಳು. "ಚಿಕ್ಕಮ್ಮ, ಅಮ್ಮನ ಎಡೆ. ತಗೋ."

"ಅಲ್ಲಿಡು. ನಾನಂತೂ ಮುಟ್ಟಲ್ಲ," ಎಂದಳು ಮಾಲ್ಸುನ್, ಮುಖವೆತ್ತದೆ.

"ಬಾಯಿಬಡುಕಿ ಅಂತ ಬರೆದಿದ್ದಕ್ಕೆ ಕೋಪಾನಾ?"

"ಅದಕ್ಯಾಕೆ ಕೋಪ? ಬಾಯಿಲ್ದೆ ಈ ಪೇಟೇಲಿ ಬದುಕೋಕಾಗುತ್ತೇನೇ? ಮೊಮ್ಮಗಳು ಓದಿ ಹೇಳ್ದಾಗ ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ. ಆದ್ರೆ ಕಿಮ್ಚಿಗೆ ಸಕ್ಕರೆ ಸುರೀತೀನಿ ಅಂತ ಬರೆದಿದೀಯಲ್ಲ! ದ್ವೀಪದಲ್ಲಿರೋ ನಮ್ಮಕ್ಕನ ಕಿವಿಗೆ ಬಿದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

ಸುಕ್ಜಾಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನೀನು ಸುರಿಯೋದನ್ನ ಕಣ್ಣಾರೆ ಕಂಡಿದೀನಿ, ಚಿಕ್ಕಮ್ಮ."

"ಯಾವ ಭರಣಿಗೆ?"

"ಎದುರಿಗಿರೋದಕ್ಕೆ."

"ಅದು ಜಪಾನಿ ಗಿರಾಕಿಗಳಿಗೆ ಕಣೇ! ಪಾಪ, ಖಾರ ತಡೆಯೋಕಾಗಲ್ಲ, ಆಸೆ ಬಿಡೋಕಾಗಲ್ಲ." ಮಾಲ್ಸುನ್ ಬಗ್ಗಿ ಮಾಲು ಹರಡಿದ ಹಲಗೆಯ ಕೆಳಗಿಂದ ಇನ್ನೊಂದು ಭರಣಿಯನ್ನು ಎಳೆದಳು. ಕೆಂಪು ಘಾಟು ಮೂಗಿಗೆ ಹೊಡೆಯಿತು. "ಇದು ನಮ್ಮೋರಿಗೆ. ಇದನ್ನೇ ತಿಂದು ದೊಡ್ಡವಳಾದೆ. ಬರೆಯೋವಾಗ ಮಾತ್ರ ಇದು ಕಾಣಿಸ್ಲಿಲ್ವೇನೇ?"

ಸುಕ್ಜಾ ಭರಣಿಯೊಳಗೆ ಬಗ್ಗಿ ನೋಡಿದಳು. ಹಲಗೆಯ ಒಳಗಡೆ ಕೂತು ಬೆಳೆದವಳು, ಬರೆಯಲು ಹೊರಟಾಗ ಮಾತ್ರ ಗಿರಾಕಿಗಳ ಸಾಲಿನಲ್ಲಿ ನಿಂತು ನೋಡಿದ್ದಳು! ಅವಳಿಗೆ ನಗು ಬಂತು.

"ಅಲ್ಲಿ ನಾನು ಸೋತೆ, ಚಿಕ್ಕಮ್ಮ. ಮುಂದಿನ ಪುಸ್ತಕದಲ್ಲಿ ಎರಡೂ ಭರಣಿ ಇರುತ್ತೆ."

"ನನ್ನ ಮೀನೂ ಇರ್ಲಿ!" ಎಂದಳು ಚುನ್ಜಾ. "ಮೂರು ಪುಸ್ತಕ ಆಯ್ತು, ನನಗೆ ಒಂದು ಸಾಲಿಲ್ಲ."

ಮಾಲ್ಸುನ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಹೋಳು ಬಾಯಿಗಿಟ್ಟಳು. "ಅಯ್ಯೋ, ಕರಕಲು! ಇದನ್ನ ತಿನ್ನೋಕೆ ನಿಮ್ಮಮ್ಮ ಆ ಲೋಕದಿಂದ ಇಷ್ಟು ದೂರ ಬಂದ್ಲಾ?" ಎನ್ನುತ್ತಲೇ ಇನ್ನೊಂದನ್ನೂ ತೆಗೆದುಕೊಂಡಳು. "ಬರೋ ವರ್ಷ ಬಾಣಲೆ ಮುಟ್ಟಬೇಡ, ನಾನು ಬರ್ತೀನಿ." ಉಳಿದದ್ದನ್ನು ತೆಗೆದಿಟ್ಟುಕೊಂಡು, ಬರಿದಾದ ತಟ್ಟೆಗೆ ಕೆಳಗಿನ ಭರಣಿಯ ಕಿಮ್ಚಿಯನ್ನು ಗುಡ್ಡೆ ಹಾಕಿ ಕೊಟ್ಟಳು.

ಸುಕ್ಜಾ ಮಾತು ಉಳಿಸಿಕೊಂಡಳು. ಹೊಸ ಕಾದಂಬರಿ ಹೊರಬಂದ ಮೇಲೆ ಜಪಾನಿ ಓದುಗರು ಅಂಗಡಿ ಹುಡುಕಿಕೊಂಡು ಬಂದು, ತಲೆ ಬಾಗಿಸಿ ನಮಸ್ಕರಿಸಿ, ಕೆಳಗಿನ ಭರಣಿಯದೇ ಬೇಕೆನ್ನತೊಡಗಿದರು. ತಿಂದು ಕಣ್ಣೀರು ಸುರಿಸುತ್ತ ಮತ್ತೆ ಕೈ ಚಾಚಿದರು.

"ನಮ್ಮೋರಿಗೇ ಸಾಲ್ದಂಗೆ ಮಾಡಿಬಿಟ್ಯಲ್ಲೇ, ಹಾಳಾದವಳೇ!" ಎಂದು ಮಾಲ್ಸುನ್ ಓಣಿಗೆಲ್ಲ ಕೇಳುವಂತೆ ಬೈದಳು, ಬೈಯುತ್ತಲೇ ಹಲಗೆಯ ಕೆಳಗೆ ಇನ್ನೊಂದು ಭರಣಿಗೆ ಜಾಗ ಮಾಡಿದಳು.