ಏಕಾದಶಿಯ ಖಾಲಿ ಚೌಕ

ಕಲ್ಯಾಣ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲಿನಲ್ಲಿ ಹಣ ಪಡೆದು ಟೋಕನ್ ಕೊಡುವ ಗಲ್ಲಾದಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಕೂತವರು ಸೋದರಮಾವ. ಈಚೆಗೆ ಅವರ ದೃಷ್ಟಿ ನಡುವಿನಿಂದಲೇ ಮಸುಕಾಗತೊಡಗಿತು. ಟೋಕನ್ ತಪ್ಪತೊಡಗಿದ ಮೇಲೆ ಪಾಲುದಾರರು, ಇನ್ನು ಬೇರೆಯವರನ್ನು ಕೂರಿಸೋಣ ಎಂದು ನಯವಾಗಿಯೇ ಹೇಳಿದರು. ಮಾವ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಟಿವಿ ಸದ್ದು ಕೇಳುತ್ತ ದಿನ ಕಳೆಯುವುದನ್ನು ನೆನೆದರೇ ನನಗೆ ಸಂಕಟವಾಗುತ್ತಿತ್ತು.

ವಾಶಿ ಮಾರ್ಕೆಟಿನ ಖರೀದಿ ನೋಡಿಕೊಳ್ಳುವ ನನಗೆ ಗೊತ್ತಿದ್ದ ಉಪಾಯ ಒಂದೇ, ದೊಡ್ಡ ಟಚ್‌ಸ್ಕ್ರೀನ್. ಐರೋಲಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಅಕ್ಕ ನಕ್ಕಳು. ನುಣುಪು ಗಾಜಿನ ಮೇಲೆ ಬೆರಳಿಗೆ ದಾರಿ ಎಲ್ಲಿಂದ ಸಿಗಬೇಕು ಎಂದು ಕೇಳಿದಳು. ಬುಕಿಂಗ್ ಪರದೆಗಳಲ್ಲಿ ಸೀಟು, ತಾರೀಖು ಆರಿಸುವ ಚೌಕಗಳನ್ನು ಮಾಡುವುದೇ ಅವಳ ಉದ್ಯೋಗ. ರಜೆಯ ದಿನಗಳಲ್ಲಿ ಕೂತು ನಮ್ಮ ತಿಂಡಿಗಳಿಗೂ ಅಂಥದೇ ಚೌಕಗಳ ಪರದೆ ಮಾಡಿದಳು. ಕೀಬೋರ್ಡಿನ ಬಾಣದ ಕೀಲಿಗಳಿಂದ ಗುರುತನ್ನು ಚೌಕದಿಂದ ಚೌಕಕ್ಕೆ ಸರಿಸುವುದು, ಎಂಟರ್ ಒತ್ತಿದರೆ ಟೋಕನ್.

ಸಾಲಿನ ಕೊನೆಯಲ್ಲಿ ಎಷ್ಟು ಒತ್ತಿದರೂ ಗುರುತು ಅಲ್ಲೇ ನಿಲ್ಲಬೇಕು, ಕೆಳಸಾಲಿಗೆ ಜಾರಬಾರದು ಎಂದು ಅವಳ ಹಟ. ಗೋಡೆ ಕೈಗೆ ತಗುಲಿದರೆ ತಾನೆಲ್ಲಿದ್ದೇನೆ ಎಂದು ಮನುಷ್ಯನಿಗೆ ತಿಳಿಯುತ್ತದಂತೆ. ಒಂದು ಟೋಕನ್ ಬಂದೊಡನೆ ಗುರುತು ಮೇಲಿನ ಎಡಮೂಲೆಯ ಚಹಾಕ್ಕೆ ವಾಪಸು. ಅಡುಗೆಮನೆಯ ಮೇಜಿನ ಮುಂದೆ ದುಪಟ್ಟಾದಿಂದ ಕಣ್ಣು ಕಟ್ಟಿಕೊಂಡು ಅವಳು ಅಭ್ಯಾಸ ಮಾಡುವಾಗ, ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಅಂಥ ತಾಳ್ಮೆ ನನ್ನಲ್ಲಿ ಹುಡುಕಿದರೂ ಸಿಗದು.

ಮಾವ ಬೇಗ ಕಲಿತರು. ಆದರೆ ಏಕಾದಶಿ ಬಂತು. ಉಪವಾಸದವರ ಸಬ್ಬಕ್ಕಿಯ ಸಾಬುದಾನಾ ಖಿಚಡಿ ಆ ದಿನ ಮಾತ್ರ ಇರುತ್ತದೆ. ಹೆಚ್ಚು ಖರ್ಚಾಗುವುದು ಅದೇ ಎಂದು ಅಕ್ಕ ಅದನ್ನು ಮೊದಲ ಚೌಕಕ್ಕೆ ತಂದಿದ್ದಳು. ಉಳಿದದ್ದೆಲ್ಲ ಒಂದೊಂದು ಮನೆ ಮುಂದೆ ಸರಿದಿತ್ತು. ಮಾವನ ಬೆರಳು ಮಾತ್ರ ಹಳೆಯ ದಾರಿಯಲ್ಲೇ ಹೋಯಿತು. ಇಡ್ಲಿಯವರಿಗೆ ಚಹಾ, ಚಹಾದವರಿಗೆ ಖಿಚಡಿ. ನಿರ್ಜಲ ಅಲ್ಲದಿದ್ದರೂ ಕಟ್ಟುನಿಟ್ಟಿನ ಉಪವಾಸದ ಮರಾಠಿ ಅಜ್ಜಿಯೊಬ್ಬರು ಹಾಲು ಕೇಳಿದರೆ ಅವರ ಮುಂದೆ ಈರುಳ್ಳಿ ಉತ್ತಪ್ಪ ಬಂದು ಕೂತಿತು. ಅವರು ಬೈಯಲಿಲ್ಲ, ತಟ್ಟೆ ದೂರ ಸರಿಸಿ ಎದ್ದುಹೋದರು. ಆ ಸಂಜೆ ಪಾಲುದಾರರು ಹೊಸ ಕ್ಯಾಶಿಯರನ ಮಾತು ಮುಗಿಸಿಯೇ ಬಂದರು. ತಾನೇ ಗಲ್ಲಾ ಬಿಡುತ್ತೇನೆ ಎಂದರು ಮಾವ.

"ತಪ್ಪು ನಿಮ್ಮ ಕಣ್ಣಿನದ್ದಲ್ಲ ಮಾವ, ನಂದು," ಎಂದಳು ಅಕ್ಕ. "ಮುಂದಿನ ಏಕಾದಶಿಯವರೆಗೆ ಕೂತಿರಿ."

ಪಾಲುದಾರರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಅಕ್ಕ ಖಿಚಡಿಗೆ ಕೆಳಸಾಲಿನ ಮೂಲೆಯಲ್ಲಿ ಕಾಯಂ ಜಾಗ ಕೊಟ್ಟಳು. ಬೇರೆ ದಿನಗಳಲ್ಲಿ ಆ ಚೌಕ ಖಾಲಿ. ಗುರುತು ಅದನ್ನು ಹಾರಿಹೋಗುವುದಿಲ್ಲ, ಅಲ್ಲಿಗೂ ಹೋಗಿ ನಿಲ್ಲುತ್ತದೆ. ಎಂಟರ್ ಒತ್ತಿದರೆ ಟಪ್ಪೆಂಬ ಸಪ್ಪೆ ಸದ್ದು, ಅಷ್ಟೇ. ಕಳವಾ ಕಡೆಯ ಚಾಳುಗಳಲ್ಲಿ ಒಂದು ಖೋಲಿಗಾಗಿ ಜನ ಒದ್ದಾಡುತ್ತಾರೆ, ನೀನು ಹದಿನೈದು ದಿನ ಮನೆ ಖಾಲಿ ಇಟ್ಟಿದ್ದೀಯಲ್ಲ ಎಂದು ರೇಗಿಸಿದೆ. ಮನೆಯವನು ಊರಿಗೆ ಹೋದ ಅಂತ ಪಕ್ಕದವರ ಬಾಗಿಲು ಸರಿಸುತ್ತಾರಾ ಎಂದು ಕೇಳಿದಳು.

ಮುಂದಿನ ಏಕಾದಶಿಯ ಬೆಳಗ್ಗೆ ಗಲ್ಲಾದ ಮುಂದೆ ಲೋಕಲ್ ಹಿಡಿಯುವವರ ನೂಕುನುಗ್ಗಲು. ಪಾಲುದಾರರು ಗಿರಾಕಿಗಳ ಕಡೆ ನಿಂತು ಪ್ರತಿ ಟೋಕನನ್ನೂ ಇಣುಕಿ ನೋಡುತ್ತಿದ್ದರು. ನಾನೂ ಅಕ್ಕನೂ ಮಾವನ ಹಿಂದೆ ನಿಂತಿದ್ದೆವು. ಖಿಚಡಿ, ಇಡ್ಲಿ, ಚಹಾ, ಮತ್ತೆ ಖಿಚಡಿ. ಬೆಲೆ ಬಾಯಲ್ಲಿ, ತಿಂಡಿ ಬೆರಳಲ್ಲಿ. ಒಂದೂ ತಪ್ಪಲಿಲ್ಲ. ನನ್ನ ಅಕ್ಕನ ಬಗ್ಗೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಅಕ್ಕ ನನ್ನ ಮೊಣಕೈ ಹಿಡಿದಳು. ಅವಳು ನೋಡುತ್ತಿದ್ದ ಕಡೆ ನೋಡಿದೆ. ನೂಕಾಟಕ್ಕೆ ಪರದೆಯ ವಯರ್ ಮಾತ್ರ ಸಡಿಲವಾಗಿ ಅದು ಪೂರ್ತಿ ಕಪ್ಪಾಗಿತ್ತು. ಯಾವಾಗಿನಿಂದಲೋ. ಮಾವ ಅದಕ್ಕೇ ಮುಖ ಮಾಡಿ ಕೂತು ಟೋಕನ್ ಕೊಡುತ್ತಲೇ ಇದ್ದರು. ಇನ್ನೂ ಅಂಚಿನಲ್ಲಿ ಕಾಣುತ್ತದೆ ಎಂದು ಅವರು ಮನೆಯಲ್ಲಿ ಹೇಳುತ್ತಿದ್ದುದನ್ನು ನಾವೆಲ್ಲ ನಂಬಿದ್ದೆವು.

ಪರದೆಯ ಬೆನ್ನು ಮಾತ್ರ ಕಾಣುವ ಆ ಕಡೆಯಿಂದ ಪಾಲುದಾರರು ನನ್ನತ್ತ ಬಾಗಿ, "ಸುಮ್ಮನೆ ಹೆದರಿದೆವು ಮಾರಾಯ್ರೆ. ಇವರ ಕಣ್ಣು ಸರಿಯಾಗೇ ಉಂಟಲ್ಲ. ಹೊಸಬ ಬೇಡ," ಎಂದರು.

ಅಕ್ಕ ಬಗ್ಗಿ ಮೇಜಿನಡಿ ಕೈ ಹಾಕಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಏನು ಮಾಡ್ತಾ ಇದ್ದಿ ಮಗಾ?" ಎಂದರು ಮಾವ.

"ಏನಿಲ್ಲ ಮಾವ, ಪೆನ್ನು ಬಿತ್ತು," ಎಂದಳು. ಪರದೆ ಬೆಳಗಿತು. ಮಾವ ಮುಂದಿನವರಿಗೆ ಏನು ಬೇಕೆಂದು ಕೇಳಿದರು.