ಮಿಷಿನ್ನಿನ ಮಾತನ್ನು ಅಂಗೈಗೆ ತಂದ ಸೂಜಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ವೆಟರ್ ಹೆಣೆಯುವ ಕಾರ್ಖಾನೆಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ, ಇಸ್ತ್ರಿ ಮೇಜಿನ ಪಕ್ಕ ರಿಪೇರಿಯ ಹೆಂಗಸೊಬ್ಬರು ಗಾಜು ಒಡೆದ ಫೋನು ಹಿಡಿದು ನಿಂತಿದ್ದಾರೆ. ಪರದೆಯ ಮೇಲೆ ಪುಟ್ಟ ಪುಟ್ಟ ಪದಗಳ ಸಾಲುಗಳು ಏರುತ್ತಿವೆ. ಒಂದು ಸಾಲು ಕೆಂಪಗಾಗುತ್ತದೆ.

“ನೋಡಿದ್ರಾ? ನಿನ್ನೆ ಮಿಷಿನ್ ಕೆಟ್ಟಿರ್ಲಿಲ್ಲ. ಇದನ್ನ ಬರೆದವನ ತಲೆ ಕೆಟ್ಟಿತ್ತು.”

ಇಲ್ಲಿನವರಿಗೆ ಇವರು ಸೂಜಿ ಅಕ್ಕ. ಯಂತ್ರದ ಸೊಟ್ಟ ಸೂಜಿ ಕಿತ್ತು ಹೊಸದು ಹಾಕುತ್ತಾರೆ ಎನ್ನುವುದು ಆ ಹೆಸರಿಗೆ ಒಂದು ಕಾರಣ. ಇನ್ನೊಂದು, ಅವರ ನಾಲಿಗೆ.

ಇಲ್ಲಿನ ಯಂತ್ರಗಳಿಗೆ ಅವುಗಳದೇ ಒಂದು ಪ್ರೋಗ್ರಾಮಿಂಗ್ ಭಾಷೆಯಿದೆ. ಯಾವ ಸೂಜಿ ಏಳಬೇಕು, ಯಾವ ನೂಲು ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಅದರಲ್ಲೇ ಬರೆಯಬೇಕು. ಇದನ್ನು ಬಲ್ಲವರನ್ನೆಲ್ಲ ಒಂದೇ ಬಸ್ಸಿಗೆ ಹತ್ತಿಸಿದರೂ ಸೀಟು ಖಾಲಿ ಉಳಿದೀತು. ಯಂತ್ರ ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿದೆ. ಭಾಷೆ ಉಳಿದದ್ದು ಯಜಮಾನರ ಕೋಣೆಯ ಹಳೇ ಕಂಪ್ಯೂಟರಿನಲ್ಲಿ, ಬೀಗದ ಹಿಂದೆ. ಹೆಣೆಯುವವರದು ಬಟನ್ ಒತ್ತುವ ಕೆಲಸ ಅಷ್ಟೇ. ಒತ್ತಿದರೆ ಏನಾಗುತ್ತದೆ ಎಂದು ಅವರು ಓದುವಂತಿಲ್ಲ.

ಅಕ್ಕನ ತಂಗಿಯೂ ಇಲ್ಲೇ ಹೆಣೆಯುತ್ತಿದ್ದಳು. ಒಂದು ದಿನ ನೂಲು ಹರಿಯಿತು, ಯಂತ್ರ ನಿಂತಿತು. ಸಿಕ್ಕು ಬಿಡಿಸಲು ಅವಳು ಕೈ ಹಾಕಿದಳು. ಬಟನ್ ಯಾರೂ ಒತ್ತಲಿಲ್ಲ. ಯಂತ್ರ ತಾನಾಗಿಯೇ ಹೊರಟಿತು. ಎರಡು ಬೆರಳು ಹೋದವು.

“ಆಸ್ಪತ್ರೆಗೆ ಬಂದ ಯಜಮಾನರು ಏನಂದ್ರು ಗೊತ್ತಾ? ‘ಅಲ್ಲಿ ಕೈ ಯಾಕಮ್ಮ ಇಟ್ಟೆ?’ ಅಂತ. ನನ್ನ ತಂಗಿ ಕ್ಷಮೆ ಕೇಳಿದ್ಲು. ಕ್ಷಮೆ!” ಎನ್ನುತ್ತಾರೆ ಅಕ್ಕ.

ಅಂದಿನ ಪ್ರೋಗ್ರಾಮ್ ತುಂಬಿದ್ದ ಪೆನ್‌ಡ್ರೈವ್ ಯಂತ್ರದಲ್ಲೇ ಇತ್ತು. ಅಕ್ಕ ಅದನ್ನು ಕಿತ್ತು ರವಿಕೆಯೊಳಗೆ ಸೇರಿಸಿದರು. ಆದರೆ ಓದುವುದು ಎಲ್ಲಿ? ಕಂಪ್ಯೂಟರ್ ಮುಟ್ಟಲು ಯಜಮಾನರು ಬಿಡಲಿಲ್ಲ. ಹಿಂದೆ ಈ ಯಂತ್ರಗಳನ್ನು ಕೂರಿಸಲು ಬಂದಿದ್ದ ಮುದುಕ ಎಂಜಿನಿಯರೇ ಆ ಭಾಷೆ ಹುಟ್ಟಿಸಿದವರು. ರಿಪೇರಿ ಕಲಿಸುತ್ತ ಅಕ್ಕನಿಗೆ ಅದನ್ನೂ ಕಲಿಸಿದ್ದರು. ಹುಡುಕಿಕೊಂಡು ಹೋದಾಗ ಅವರು ತಮ್ಮಲ್ಲಿದ್ದ ಆ ಭಾಷೆಯ ಮೂಲ ಬರಹವನ್ನೆಲ್ಲ, ಅಂದರೆ ಸೋರ್ಸ್ ಕೋಡನ್ನು, ಕೈಗಿಟ್ಟರು. “ತಗೋಮ್ಮ. ನನ್ನ ಹಿಂದೆ ಇದಕ್ಕೆ ದಿಕ್ಕಿಲ್ಲ.”

ಎಲ್ಲರ ಬಳಿಯೂ ಇರುವ ಕಂಪ್ಯೂಟರ್ ಎಂದರೆ ಫೋನು. ಅದಕ್ಕೇ ಆ ಭಾಷೆ ಕಲಿಸುತ್ತೇನೆ ಎಂದು ಅಕ್ಕ ಹೊರಟರು. ಪಾಳಿಗೆ ಮುಂಚಿನ ಈ ಬೆಳಗಿನ ಹೊತ್ತೇ ಅವರ ಶಾಲೆ. ಹಳೇ ಬರಹ ಫೋನಿಗೆ ಒಗ್ಗಲಿಲ್ಲ, ಬುಡದಿಂದ ಬರೆಯಬೇಕಾಯಿತು. ಕೀಲಿಮಣೆ ತೆರೆದರೆ ಅರ್ಧ ಪರದೆ ಮುಚ್ಚುತ್ತಿತ್ತು. ಅದನ್ನು ತೆಗೆದು, ಒಂದೊಂದು ಪದಕ್ಕೂ ಒಂದೊಂದು ಗುಂಡಿ ಮಾಡಿದರು. ಮಧ್ಯೆ ಫೋನು ಉಸಿರುಕಟ್ಟಿ ಆರಿಹೋಗುತ್ತಿತ್ತು. ಕಾದ ಫೋನು ಮುಟ್ಟಿದ ಅಕ್ಕನ ಅಮ್ಮ, “ಇದರಲ್ಲೇ ಇಸ್ತ್ರಿ ಮಾಡ್ಬಹುದಲ್ಲೇ” ಎಂದರಂತೆ.

ಎರಡು ವರ್ಷ ಹಿಡಿಯಿತು. ಫೋನಿನಲ್ಲಿ ಅಕ್ಕ ಮೊದಲು ತೆರೆದದ್ದು ರವಿಕೆಯೊಳಗೆ ಅಡಗಿಸಿ ತಂದ ಪೆನ್‌ಡ್ರೈವನ್ನು. ನೂಲು ಹರಿದರೆ ‘ತಡಿ’ ಎಂಬ ಪದ ಇರಬೇಕು. ಯಾರಾದರೂ ಬಟನ್ ಒತ್ತುವವರೆಗೆ ಯಂತ್ರ ಕದಲಬಾರದು. ಆ ಪದವೇ ಇರಲಿಲ್ಲ. ಮರೆತದ್ದಲ್ಲ, ಅಳಿಸಿದ್ದು.

ಫೋನನ್ನು ಯಜಮಾನರ ಮೂಗಿನ ಕೆಳಗೆ ಹಿಡಿದರು. “ಪ್ರತಿ ಸಲ ಕಾಯ್ತಾ ಕೂತ್ರೆ ಮಾಲು ಹೊರಡೋದು ಯಾವಾಗ?” ಎಂದರು ಅವರು. ನಾಚಿಕೆ ಬಿಡಿ, ದನಿಯೂ ತಗ್ಗಲಿಲ್ಲ.

ಹೆಣೆಯುವವರೆಲ್ಲರಿಗೂ ಸಿಗಲೆಂದು ಅಕ್ಕ ಅದನ್ನು ಆ್ಯಪ್ ಅಂಗಡಿಗೆ ಕಳಿಸಿದರು. ‘ಹೊರಗಿನ ಪ್ರೋಗ್ರಾಮ್ ಓಡಿಸುವ ಆ್ಯಪ್ ಅಪಾಯಕಾರಿ’ ಎಂದು ತಿರಸ್ಕಾರ ಬಂತು. ಮತ್ತೆ ಬರೆದರು, ಅದೇ ಉತ್ತರ. “ಅಪಾಯ ಅಂತೆ! ಅಪಾಯ ಎಲ್ಲಿದೆ ಅಂತ ತೋರಿಸೋದೇ ಅಪಾಯ ಆಗೋಯ್ತು. ಆ ಕಡೆ ಕೂತಿರೋದು ಮನುಷ್ಯನೋ ಗೋಡೆನೋ?”

ಅಂಗಡಿ ಬೇಡವೆಂದರೆ ಬಾಯಿ ಇದೆಯಲ್ಲ. ಆ್ಯಪ್ ಫೋನಿನಿಂದ ಫೋನಿಗೆ ದಾಟಿತು. ಕಳೆದ ತಿಂಗಳು ಹೊಸ ನಮೂನೆ ಬಂದಾಗ ಮೂಲೆಯ ಯಂತ್ರದ ಹೆಂಗಸು ಪೆನ್‌ಡ್ರೈವನ್ನು ಮೊದಲು ತನ್ನ ಫೋನಿಗೆ ಚುಚ್ಚಿದಳು. ಮತ್ತೆ ‘ತಡಿ’ ಇಲ್ಲ. ಅವಳು ಬಟನ್ ಒತ್ತಲಿಲ್ಲ. ಪಕ್ಕದವಳೂ ಒತ್ತಲಿಲ್ಲ. ಯಜಮಾನರು ಹೊರಬಂದು ಕೂಗಾಡಿದರು, ಕೆಲಸ ಬಿಡಿಸುತ್ತೇನೆ ಎಂದರು. ಇಡೀ ಸಾಲು ಕೈಕಟ್ಟಿ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಪದ ತನ್ನ ಜಾಗಕ್ಕೆ ಬಂತು.

ಈಗ ಕಾರ್ಖಾನೆಯ ಮುಂಬಾಗಿಲಲ್ಲಿ ಸುರಕ್ಷತಾ ಪ್ರಶಸ್ತಿಯ ಫಲಕ ಹೊಳೆಯುತ್ತಿದೆ. ಮೇಲೆ ಯಜಮಾನರ ಹೆಸರು.

“ನನ್ನನ್ನ ಎಲೆಮರೆಯ ಕಾಯಿ ಅಂತ ಬರೀತೀರಂತೆ. ಬರೀರಿ. ಆ ಎಲೆ ತಂದು ಮುಚ್ಚಿದ್ದು ಯಾರು ಅನ್ನೋದನ್ನೂ ಬರೀರಿ” ಎನ್ನುತ್ತಾರೆ ಅಕ್ಕ.

ನಿಮಗೇನು ಬೇಕು ಎಂದು ಕೇಳಿದರೆ ಅಕ್ಕ ಫೋನನ್ನು ಇಸ್ತ್ರಿ ಮೇಜಿನ ಮೇಲಿಡುತ್ತಾರೆ. ಆಮೇಲೆ ನಿಧಾನವಾಗಿ ಹೇಳುತ್ತಾರೆ: “ಫಲಕ ಅವರೇ ಇಟ್ಕೊಳ್ಲಿ. ಮಿಷಿನ್ ಮುಂದೆ ಕೂತವಳು ಓದಿ, ‘ಒತ್ತಲ್ಲ’ ಅಂದ್ರೆ, ಅವಳ ಮಾತು ನಡೀಬೇಕು. ಒಂದು ಸಲ ನಡೆದಿದೆ. ನಾನು ಅಲ್ಲೇ ಇದ್ದೆ.”